ಸುಟ್ಟವನು ಮಗುವಿನ ತಂದೆ

ಈ ಕಥೆಯನ್ನು ಮೊದಲು ಹೇಳಿದವಳು ನನ್ನ ಅಮ್ಮ. ಚಿಕ್ಕಮ್ಮ ತೀರಿಕೊಂಡ ವರ್ಷ, ಬೇಸಿಗೆಯ ಕೊನೆಯ ಒಂದು ಮಧ್ಯಾಹ್ನ, ನಮ್ಮ ಅಡುಗೆಮನೆಯ ನೆಲದ ಮೇಲೆ ಕಾಲು ಚಾಚಿ ಕೂತು ಹೇಳಿದಳು. ಕೇಳಿದವರು ನಾನು, ನನ್ನ ಹೆಂಡತಿ, ಮತ್ತು ಚಿಕ್ಕಮ್ಮನ ಒಬ್ಬಳೇ ಮಗಳು. ಅವಳನ್ನು ಹುಟ್ಟಿದಾಗಿನಿಂದ ಎಲ್ಲರೂ ಚೂಟಿ ಎಂದೇ ಕರೆಯುವುದು.

ಹೇಳಿದಳು ಅನ್ನುವುದಕ್ಕಿಂತ ಓದಿದಳು ಅನ್ನಬೇಕು. ತಂಗಿಯಿಂದ ತನಗೆ ಬಂದ ಕಾಗದಗಳು, ತಂಗಿಯ ಪೆಟ್ಟಿಗೆಯಲ್ಲಿ ಸಿಕ್ಕ ತನ್ನ ಕಾಗದಗಳು, ಎಲ್ಲವನ್ನೂ ತಾರೀಖಿನ ಪ್ರಕಾರ ಜೋಡಿಸಿ ಇಟ್ಟುಕೊಂಡಿದ್ದಳು. "ನಡುವೆ ಯಾರೂ ಬಾಯಿ ಹಾಕಬೇಡಿ. ಹಾಕಿದ್ರೆ ಮೊದಲಿಂದ ಶುರು ಮಾಡ್ತೀನಿ, ಊಟಕ್ಕೆ ಯಾರೂ ಏಳೋ ಹಾಗಿಲ್ಲ" ಅಂದಳು. ಅಮ್ಮ ಆಡಿದರೆ ಮಾಡುವವಳೇ, ಹಾಗಾಗಿ ಬಾಯಿ ಮುಚ್ಚಿಕೊಂಡೆವು.

ಕೇಳುವವರಿಗೆ ಇಷ್ಟು ಗೊತ್ತಿದ್ದರೆ ಸಾಕು. ಚಿಕ್ಕಮ್ಮನನ್ನು ಕೊಟ್ಟಿದ್ದು ಮರ ಕೊಯ್ಯುವ ಮಿಲ್ಲಿನ ಮನೆಗೆ. ಕೆಳಗೆ ಮಿಲ್ಲು, ಮೇಲೆ ಮನೆ. ಮಿಲ್ಲು ನಡೆಸುತ್ತಿದ್ದವರು ಅಣ್ಣತಮ್ಮಂದಿರು. ದೊಡ್ಡವನು ಚಿಕ್ಕಮ್ಮನ ಗಂಡ. ಚಿಕ್ಕವನು ಅವಳ ಮೈದುನ, ಮದುವೆಯಾಗಿರಲಿಲ್ಲ. ಅವರಿಬ್ಬರ ತಾಯಿ, ಅಂದರೆ ಚಿಕ್ಕಮ್ಮನ ಅತ್ತೆ, ಮನೆಯ ಯಜಮಾನಿ. ಚೂಟಿಗೆ ಆಗಿನ್ನೂ ಮಾತು ಕೂಡಿ ಬರುತ್ತಿರಲಿಲ್ಲ.

ಫೆಬ್ರವರಿ ೯

ಅಕ್ಕಾ,

ಸುದ್ದಿ ನಿನಗೆ ಮುಟ್ಟಿರಬೇಕು. ಮಿಲ್ಲು ಸುಟ್ಟುಹೋಯಿತು. ಮೇಲಿನ ಮನೆಯೂ ಹೋಯಿತು. ನಾನು, ಅತ್ತೆ, ಚೂಟಿ ಹಿಂದಿನ ಮೆಟ್ಟಿಲಿನಿಂದ ಇಳಿದು ಬದುಕಿದೆವು. ಉಟ್ಟ ಬಟ್ಟೆ ಬಿಟ್ಟರೆ ಏನೂ ಉಳಿದಿಲ್ಲ. ತಲೆ ಬಾಚಿಕೊಳ್ಳಲು ಪಕ್ಕದ ಮನೆಯವರ ಬಾಚಣಿಗೆ.

ಬೆಂಕಿ ಆರಿದ ಮೇಲೆ ಗರಗಸದ ಬುಡದಲ್ಲಿ ಒಂದು ಹೆಣ ಸಿಕ್ಕಿತು. ಹೆಣ ಅನ್ನುವ ಹಾಗೂ ಇರಲಿಲ್ಲ, ಕರಿಯಾದ ಮೂಳೆ. ತಲೆಬುರುಡೆ ಬೆಂಕಿಗಿಂತ ಮೊದಲೇ ಒಡೆದಿತ್ತಂತೆ. ದಿಮ್ಮಿಗೆ ಬೆಣೆ ಹೊಡೆಯುವ ದೊಡ್ಡ ಸುತ್ತಿಗೆ ಅಲ್ಲೇ ಬಿದ್ದಿತ್ತು. ಅವತ್ತು ಬೆಳಗ್ಗೆ ಅಣ್ಣತಮ್ಮ ಇಬ್ಬರೇ ಕೆಳಗಿದ್ದರು. ಈಗ ಇಬ್ಬರೂ ಇಲ್ಲ. ಒಬ್ಬ ಸತ್ತಿದ್ದಾನೆ, ಇನ್ನೊಬ್ಬ ಕೊಂದು ಓಡಿದ್ದಾನೆ. ಯಾರು ಸತ್ತವನು, ಯಾರು ಓಡಿದವನು ಎಂದು ಪೊಲೀಸರು ನನ್ನನ್ನೇ ಕೇಳುತ್ತಾರೆ.

ನನಗೇನು ಗೊತ್ತು? ನಾನು ಮೇಲಿದ್ದೆ. ಮರ ಕಚ್ಚಿದಾಗ ಗರಗಸದ ಸದ್ದೇ ಬೇರೆ, ಖಾಲಿ ತಿರುಗುವಾಗ ಬೇರೆ. ಅವತ್ತು ಮರ ಕೊಯ್ಯುತ್ತಿತ್ತು, ಆಮೇಲೆ ಜಗಳದ ದನಿ, ಆಮೇಲೆ ಗರಗಸ ಖಾಲಿಯಾಗಿ ಕಿರುಚುತ್ತಲೇ ಇತ್ತು. ಯಾರೂ ನಿಲ್ಲಿಸಲಿಲ್ಲ. ಆಮೇಲೆ ಹೊಗೆ.

ನಿನ್ನ ತಂಗಿ

ಫೆಬ್ರವರಿ ೧೬

ತಂಗೀ,

ಹೊರಟು ಬರೋಣವೆಂದರೆ ಇಲ್ಲಿ ಮಗನಿಗೆ ದಡಾರ ಎದ್ದಿದೆ. ನಿನ್ನ ಭಾವನಿಗೆ ಒಂದು ಲೋಟ ಹಾಲು ಬಿಸಿ ಮಾಡಲು ಹೇಳಿದರೆ ಪಾತ್ರೆಯನ್ನೇ ಸುಟ್ಟು ಕರಕಲು ಮಾಡುತ್ತಾರೆ, ಇನ್ನು ಮಗುವನ್ನು ಹೇಗೆ ಬಿಟ್ಟು ಬರಲಿ?

ಸತ್ತವನು ಯಾರೆಂದು ನನಗೂ ಗೊತ್ತಿಲ್ಲ. ಯಾರು ಸತ್ತರೆ ನಾನು ಅಳುವುದಿಲ್ಲ ಎಂದು ಮಾತ್ರ ಗೊತ್ತು. ನೀನು ಮುರಿದ ಮಣಿಕಟ್ಟು ಹಿಡಿದುಕೊಂಡು ನನ್ನ ಬಾಗಿಲಿಗೆ ಬಂದಾಗ ಮೆಟ್ಟಿಲಿನಿಂದ ಬಿದ್ದೆ ಅಂದೆ. ಕತ್ತಿನ ಮೇಲೆ ಐದೂ ಬೆರಳು ಮೂಡಿದ್ದವಲ್ಲ, ನಿಮ್ಮ ಮನೆಯ ಮೆಟ್ಟಿಲಿಗೆ ಬೆರಳುಗಳಿವೆಯೇ?

ಊಟ ಮಾಡು. ಮಗುವಿಗೆ ಮುತ್ತು.

ನಿನ್ನ ಅಕ್ಕ

ಮಾರ್ಚ್ ೪

ಅಕ್ಕಾ,

ಈಗ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದೇವೆ. ಇವತ್ತು ಪೊಲೀಸರು ನಮ್ಮನ್ನು ಲ್ಯಾಬಿಗೆ ಕರೆದುಕೊಂಡು ಹೋಗಿದ್ದರು. ಮೂಳೆಯಿಂದ ಡಿಎನ್‌ಎ ಸಿಕ್ಕಿದೆಯಂತೆ. ಮೊನ್ನೆ ಅತ್ತೆಯ ಕೆನ್ನೆಯ ಒಳಗೆ ಹತ್ತಿಕಡ್ಡಿ ಆಡಿಸಿಕೊಂಡು ಹೋಗಿದ್ದರು, ಅದರ ಉತ್ತರ ಬಂದಿತ್ತು.

ಲ್ಯಾಬಿನ ಮೇಡಂ ಒಳ್ಳೆಯ ಹೆಂಗಸು. "ಅಮ್ಮಾ, ಇವರು ನಿಮ್ಮ ಮಗ. ಅಷ್ಟು ಖಂಡಿತ. ಆದ್ರೆ ಯಾವ ಮಗ ಅಂತ ನಿಮ್ಮ ಪರೀಕ್ಷೆಯಿಂದ ಹೇಳೋಕಾಗಲ್ಲ. ಇಬ್ಬರಿಗೂ ನೀವೇ ತಾಯಿ" ಅಂದರು.

ಅತ್ತೆಗೆ ಸಿಟ್ಟು ಬಂತು. "ನನ್ನ ಮಕ್ಕಳಲ್ಲಿ ಯಾವನು ಯಾವನು ಅಂತ ಹೇಳೋಕೆ ನಿನ್ನ ಮಿಷನ್ನು ಬೇಕೇನಮ್ಮಾ? ಇಲ್ಲಿ ತಂದಿಡು, ಮುಟ್ಟಿ ಹೇಳ್ತೀನಿ."

"ಮುಟ್ಟೋಕೆ ಏನೂ ಉಳಿದಿಲ್ಲ ಅಮ್ಮಾ."

ಅವರು ಹಲ್ಲುಜ್ಜಿದ ಬ್ರಷ್ಷು, ಗಡ್ಡ ಹೆರೆದ ರೇಜರು ಏನಾದರೂ ಇದೆಯೇ ಎಂದು ಕೇಳಿದರು. ಎಲ್ಲ ಸುಟ್ಟಿದೆ ಅಂದೆ. ಆಗ ಮೇಡಂ ನನ್ನ ತೊಡೆಯ ಮೇಲಿದ್ದ ಚೂಟಿಯನ್ನು ನೋಡಿದರು. ಮಗುವಿನದು ಸಿಕ್ಕರೆ ಸಾಕಂತೆ. ಮಗುವಿನ ಒಂದೊಂದು ಗುರುತಿನಲ್ಲೂ ಅರ್ಧ ಪಾಲು ತಂದೆಯದು ಇದ್ದೇ ಇರುತ್ತದಂತೆ. ಚಿಕ್ಕಪ್ಪನಾದರೆ ಅಲ್ಲಲ್ಲಿ ಹೊಂದುತ್ತದೆ, ಅಲ್ಲಲ್ಲಿ ತಪ್ಪುತ್ತದೆ.

ಪೆನ್ನು ತೆಗೆದು ಕೇಳಿದರು, "ಈ ಮಗು ಯಾರದು?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆ, "ಅದೇನು ಪ್ರಶ್ನೆ ಅಂತ ಕೇಳ್ತೀಯಮ್ಮಾ? ನನ್ನ ದೊಡ್ಡ ಮಗಂದು" ಅಂದರು. ಪೊಲೀಸಿನವನೂ ನಕ್ಕ. ನಾನೂ ನಕ್ಕೆ. ಚೂಟಿ ಹತ್ತಿಕಡ್ಡಿಯನ್ನು ಕಚ್ಚಿ ಹಿಡಿದು ಬಿಡಲೇ ಇಲ್ಲ.

ನಿನ್ನ ತಂಗಿ

ಏಪ್ರಿಲ್ ೨

ಅಕ್ಕಾ,

ಉತ್ತರ ಬಂತು. ಸುಟ್ಟುಹೋದವನು ಚೂಟಿಯ ತಂದೆ. ಸಂಶಯವೇ ಇಲ್ಲವಂತೆ. ಸತ್ತವರು ನನ್ನ ಗಂಡ ಎಂದು ಬರೆದುಕೊಂಡರು, ನಾನು ಸಹಿ ಹಾಕಿದೆ. ಕೊಂದು ಓಡಿದವನು ಚಿಕ್ಕವನೆಂದು ಬಸ್ ನಿಲ್ದಾಣದ ಗೋಡೆಯ ಮೇಲೆ ಅವನ ಫೋಟೋ ಅಂಟಿಸಿದ್ದಾರೆ. ಅತ್ತೆ ಹೋಗಿ ಅದರ ಮುಖಕ್ಕೆ ಉಗಿದು ಬಂದರು.

ಲ್ಯಾಬಿನಲ್ಲೇ ನಾನು ನೆಲಕ್ಕೆ ಬಿದ್ದೆನಂತೆ. ಎದ್ದಾಗ ನನ್ನ ತಲೆ ಅತ್ತೆಯ ತೊಡೆಯ ಮೇಲಿತ್ತು. "ಅಳು ತಾಯಿ, ಅತ್ತುಬಿಡು. ಹೊಡೀಲಿ ಬಡೀಲಿ, ಗಂಡ ಅಲ್ವಾ" ಅನ್ನುತ್ತಿದ್ದರು. ಮೂಳೆಗಳನ್ನು ಮಣ್ಣು ಮಾಡಿ ಗಂಡನ ಹೆಸರಿನ ಕಲ್ಲು ನೆಟ್ಟಾಯಿತು.



ನಿನ್ನ ತಂಗಿ

ಏಪ್ರಿಲ್ ೯

ತಂಗೀ,

ನಿನ್ನ ಕಾಗದ ಓದುವಷ್ಟರಲ್ಲಿ ಒಲೆಯ ಮೇಲಿದ್ದದ್ದು ಉಕ್ಕಿಹೋಯಿತು. ನಿನ್ನ ಭಾವ ತಾನು ಉಕ್ಕಿಸಿದ್ದಲ್ಲವೆಂದು ಊರಿಗೆಲ್ಲ ಹೇಳಿಕೊಂಡು ಬಂದರು.

ಆ ಗಂಡಸು ಸತ್ತರೆ ನೀನು ನೆಲಕ್ಕೆ ಬೀಳುವವಳಲ್ಲ. ನೀನು ನನ್ನ ತಂಗಿ, ನಿನ್ನ ಅಳುವಿನ ಅಳತೆ ನನಗೆ ಗೊತ್ತು. ಯಾರಿಗಾಗಿ ಅಳುತ್ತಿದ್ದೀಯಾ? ನೇರವಾಗಿ ಬರೆ. ಬೈಯುವುದಿದ್ದರೆ ಎದುರು ಸಿಕ್ಕಾಗ ಬೈಯುತ್ತೇನೆ, ಕಾಗದದಲ್ಲಿ ಬೈದರೆ ನನಗೆ ತೃಪ್ತಿಯಾಗುವುದಿಲ್ಲ.

ನಿನ್ನ ಅಕ್ಕ

ಏಪ್ರಿಲ್ ೨೦

ಅಕ್ಕಾ,

ಚಿಕ್ಕವನಿಗಾಗಿ ಅಳುತ್ತಿದ್ದೇನೆ. ಚೂಟಿ ಅವನ ಮಗಳು.

ಬರೆದಾಯಿತು.

ಮಣಿಕಟ್ಟು ಮುರಿದಾಗ ಎರಡು ತೆಳು ಹಲಗೆ ಕೊಯ್ದು ತಂದು ಕೈಗೆ ಕಟ್ಟಿದವನು ಅವನು. ಹಾಗೆ ಶುರುವಾಯಿತು. ಅವನು ತನ್ನ ಜೋಕಿಗೆ ತಾನೇ ಮೊದಲು ನಗುತ್ತಿದ್ದ. ಬೇರೆಯವರು ನಗುವಷ್ಟರಲ್ಲಿ ಅವನದು ಮುಗಿದಿರುತ್ತಿತ್ತು. ನನ್ನನ್ನು ಅತ್ತಿಗೆ ಅನ್ನುವುದನ್ನು ಮಾತ್ರ ಕೊನೆಯವರೆಗೂ ಬಿಡಲಿಲ್ಲ. "ಬೇರೆ ಹೆಸರು ರೂಢಿಯಾದ್ರೆ ಅಮ್ಮನ ಮುಂದೆ ಬಾಯಿ ಜಾರುತ್ತೆ ಅತ್ತಿಗೆ" ಅನ್ನುತ್ತಿದ್ದ.

ಬೆಂಕಿಯ ಹಿಂದಿನ ದಿನ ಗಂಡ ಚೂಟಿಯ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, "ನಕ್ಕರೆ ಇದು ಯಾರ ಥರ ಕಾಣುತ್ತೆ?" ಅಂದ. ನಾನು ಸುಮ್ಮನಿದ್ದೆ. ನನ್ನ ಕತ್ತು ಹಿಡಿದು ಗೋಡೆಗೆ ಒತ್ತಿ ಮತ್ತೆ ಕೇಳಿದ. ಆಗಲೂ ಸುಮ್ಮನಿದ್ದೆ. ನನ್ನ ಮೌನದಿಂದಲೇ ಅವನಿಗೆ ತಿಳಿಯಿತು. ಬೆಳಗ್ಗೆ ಸುತ್ತಿಗೆ ಹಿಡಿದು ಕೆಳಗಿಳಿದ.

ಲ್ಯಾಬಿನವರು ಸುಳ್ಳು ಹೇಳಿಲ್ಲ. ಸುಟ್ಟವನು ಮಗುವಿನ ತಂದೆಯೇ. ಸುಳ್ಳು ಹೇಳಿದ್ದು ನಾವು, ಆ ಮೇಜಿನ ಮುಂದೆ. ಹಾಗಾಗಿ ಸತ್ತವನು ಕೊಲೆಗಾರನೆಂದು ಗೋಡೆಯ ಮೇಲಿದ್ದಾನೆ. ಹೆತ್ತವಳೇ ಅವನಿಗೆ ಉಗಿಯುತ್ತಾಳೆ. ಕೊಂದವನು ಎಲ್ಲೋ ಬದುಕಿದ್ದಾನೆ, ನಾನು ಅವನ ಹೆಸರಿನ ಕಲ್ಲನ್ನು ತೊಳೆಯುತ್ತೇನೆ.

ನಿಜ ಹೇಳಿದರೆ ಚೂಟಿ ಈ ಊರಿನಲ್ಲಿ ತಲೆ ಎತ್ತುವ ಹಾಗಿಲ್ಲ. ಹೇಳದಿದ್ದರೆ ಅವನ ಹೆಸರು ಹೀಗೇ ಕೊಳೆಯುತ್ತದೆ. ಏನು ಮಾಡಲಿ?

ನಿನ್ನ ತಂಗಿ

ಮೇ ೧೧

ಅಕ್ಕಾ,

ಜೊತೆಗಿಟ್ಟಿರುವ ಚೀಟಿ ನಿನ್ನೆ ಅಂಚೆಯಲ್ಲಿ ಬಂತು. ಎಲ್ಲಿಂದ ಎಂದು ಬರೆದಿಲ್ಲ. ಅಕ್ಷರ ನನ್ನ ಗಂಡನದೇ. ಅತ್ತೆಗೆ ತೋರಿಸಿಲ್ಲ.

ನಿನ್ನ ತಂಗಿ

*"ನಾನು ಸತ್ತಿದ್ದೇನೆಂದು ಪೇಪರಿನಲ್ಲಿ ಓದಿದೆ. ಒಳ್ಳೆಯದಾಯಿತು. ಅವನನ್ನು ಒಂದೇ ಏಟಿಗೆ ಮುಗಿಸಲಿಲ್ಲ. ಮೊದಲು ಮೊಣಕಾಲು ಒಡೆದೆ. ನಿನ್ನ ಹೆಸರು ಬಾಯಿಂದ ಬರಲಿ ಎಂದು ಕಾದೆ. ಬರಲಿಲ್ಲ. ಆಮೇಲೆ ತಲೆಗೆ ಹಾಕಿದೆ. ಮರದ ಹೊಟ್ಟಿಗೆ ಬೆಂಕಿ ಇಟ್ಟಾಗ ಅದು ನನ್ನ ಅರ್ಧ ಮುಖವನ್ನೂ ಎರಡು ಅಂಗೈಯನ್ನೂ ತಿಂದಿತು. ಅದನ್ನೂ ನಿನ್ನಿಂದಲೇ ವಸೂಲು ಮಾಡುತ್ತೇನೆ. ನಾನು ಬದುಕಿರುವುದು ಗೊತ್ತಿರುವವಳು ನೀನೊಬ್ಬಳು. ಹೇಳಬೇಕಾದರೆ ಆ ಮಗು ಯಾರದೆಂದೂ ಹೇಳಬೇಕು, ಹೇಳು ನೋಡೋಣ. ಹೇಳದಿದ್ದರೂ ಬರುತ್ತೇನೆ. ನೀನು ಹೋದರೆ ನಾನು ಪೂರ್ತಿ ಸತ್ತ ಹಾಗೆ, ಆಮೇಲೆ ಯಾರೂ ಹುಡುಕುವುದಿಲ್ಲ. ನಿನ್ನ ಗಂಡ"*

ಮೇ ೧೭

ತಂಗೀ,

ಮರ್ಯಾದೆ ಎಲ್ಲಾ ಆಮೇಲೆ. ಮೊದಲು ಜೀವ. ಆ ಮೇಡಂ ಹತ್ತಿರ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳು. ಮಗುವನ್ನು ಕಟ್ಟಿಕೊಂಡು ಇಲ್ಲಿಗೆ ಬಾ. ಇಲ್ಲಿ ಯಾರಾದರೂ ಏನಾದರೂ ಅಂದರೆ ಅವರ ಮನೆಯ ಏಳು ತಲೆಮಾರಿನ ಸುದ್ದಿ ನನ್ನ ಬಾಯಲ್ಲಿದೆ, ಒಬ್ಬರೂ ಉಸಿರೆತ್ತುವುದಿಲ್ಲ. ನಿನ್ನ ಭಾವನಿಗೂ ಹೇಳಿದ್ದೇನೆ. ಅವರು ಆಗಲೇ ಹೊರಗಿನ ಕೋಣೆಗೆ ಸುಣ್ಣ ಹೊಡೆಯುತ್ತಿದ್ದಾರೆ.

ತಡ ಮಾಡಬೇಡ.

ನಿನ್ನ ಅಕ್ಕ

ಜೂನ್ ೧

ಅಕ್ಕಾ,

ಸೋಮವಾರ ಮೇಡಂ ಹತ್ತಿರ ಹೋಗಬೇಕೆಂದಿದ್ದೆ. ಶನಿವಾರ ಅವನೇ ಬಂದ.

ಬೆಳಗ್ಗೆ ಅತ್ತೆ ಹಿತ್ತಲಲ್ಲಿ ಸೌದೆ ಒಡೆಯುತ್ತಿದ್ದರು. ನಾನು ಒಲೆಯ ಮುಂದಿದ್ದೆ. ಚೂಟಿ ಮೇಜಿನ ಕೆಳಗೆ ಆಡುತ್ತಿದ್ದಳು. ಹಿಂದಿನಿಂದ ಕೂದಲಿಗೆ ಕೈ ಬಿತ್ತು. ನನ್ನ ಹಣೆಯನ್ನು ಒಲೆಕಟ್ಟೆಗೆ ಜಜ್ಜಿದ, ಮತ್ತೆ ಜಜ್ಜಿದ. ಬಾಯಿಯೊಳಗೆ ಹಲ್ಲು ಮುರಿದದ್ದು ಗೊತ್ತಾಯಿತು. "ನನಗೋಸ್ಕರ ಅತ್ತುಬಿಟ್ಟೆಯಂತೆ. ಅತ್ತಿದ್ದು ಸಾಕಾಯ್ತಾ?" ಅಂದ.

ಸದ್ದಿಗೆ ಅತ್ತೆ ಕೊಡಲಿ ಹಿಡಿದೇ ಒಳಗೆ ಬಂದರು. ಅವನ ಮುಖದ ಅರ್ಧ ಬರೀ ಸುಟ್ಟ ಚರ್ಮ. ಆದರೂ ಒಂದು ನೋಟಕ್ಕೆ ಗುರುತು ಹಿಡಿದರು. ಅಕ್ಕಾ, ಅವರ ಮುಖ ಅರಳಿತು! "ಮಗಾ, ಬದುಕಿದ್ದೀಯಾ! ಬದುಕಿದ್ದೀಯಾ!" ಎಂದು ಕೈ ಚಾಚಿದರು. ಚಾಚಿದ ಕೈ ನಡುವೆಯೇ ನಿಂತಿತು.

"ಹಾಗಾದ್ರೆ ಅಲ್ಲಿ ಮಣ್ಣಲ್ಲಿರೋನು ಯಾರು?"

"ನಿನ್ನ ಚಿಕ್ಕ ಮಗ. ಇವಳನ್ನ ಕೇಳು, ಈ ಮಗು ಯಾರದು ಅಂತ."

ಅತ್ತೆ ನನ್ನನ್ನು ನೋಡಿದರು. ನನ್ನ ಬಾಯಿ ತುಂಬ ರಕ್ತ, ಹೌದೆಂದು ತಲೆ ಆಡಿಸಿದೆ. ಅವನು ಮೇಜನ್ನು ಒದ್ದು ಉರುಳಿಸಿ ಚೂಟಿಯನ್ನು ಒಂದು ಕಾಲು ಹಿಡಿದು ಎತ್ತಿದ. ಇನ್ನೊಂದು ಕೈಯಲ್ಲಿ ಚಾಕು ಇತ್ತು.

"ಮಗು ಬಿಡು."

"ನೀನು ಸುಮ್ನಿರಮ್ಮಾ. ಇದು ಮುಗೀಲಿ, ಆಮೇಲೆ ನಿನ್ನ ಹತ್ರ ಮಾತಾಡ್ತೀನಿ."

"ಬಿಡು ಅಂದೆ."

ಅವನು ನಕ್ಕ. ಅತ್ತೆಯ ಮೊದಲ ಏಟು ಹೆಗಲಿಗೆ ಬಿತ್ತು. ಮಗು ಕೆಳಗೆ ಬಿತ್ತು, ನಾನು ತೆವಳಿಕೊಂಡು ಹೋಗಿ ಅವಳ ಮೇಲೆ ಮಲಗಿದೆ. ಅವನು "ಅಮ್ಮಾ" ಅಂದ. ನೋವಿಗೆ ಕೂಗಿದ ಹಾಗಿರಲಿಲ್ಲ, ಆಶ್ಚರ್ಯಪಟ್ಟ ಹಾಗಿತ್ತು. ಚಾಕು ಎತ್ತಿ ತಿರುಗಿದ. ಎರಡನೆಯ ಏಟು ಮುಖಕ್ಕೆ. ಆಮೇಲೆ ಅತ್ತೆ ನಿಲ್ಲಿಸಲಿಲ್ಲ. ಸೌದೆ ಒಡೆಯುವಾಗ ಬರುವ ಉಸಿರೇ ಕೇಳುತ್ತಿತ್ತು, ಅದೇ ಲಯ. ಗೋಡೆ, ಪಾತ್ರೆ, ನನ್ನ ಬೆನ್ನು ಎಲ್ಲ ಒದ್ದೆಯಾಯಿತು.

ಕೊನೆಗೆ ಅಲ್ಲೇ ಕೂತು "ನೀರು ಕೊಡು" ಅಂದರು. ಕುಡಿದರು. ಆಮೇಲೆ ಹೇಳಿದರು, "ಯಾರು ಕೇಳಿದ್ರೂ, ಬಂದವನು ಚಿಕ್ಕವನು. ಅಣ್ಣನ್ನ ಕೊಂದವನು ನಮ್ಮನ್ನೂ ಕೊಲ್ಲೋಕೆ ಬಂದ."

"ಅತ್ತೇ, ಅವನು ಯಾರಿಗೂ ಏನೂ ಮಾಡಿಲ್ಲ. ಸತ್ತ ಮೇಲೂ ಅವನ ತಲೆಗೇ ಕಟ್ಟಬೇಕಾ?"

"ಅವನು ಬದುಕಿದ್ರೆ ಏನಂತಿದ್ದ? ಮಗಳು ಹಾಳಾಗ್ಲಿ, ನನ್ನ ಹೆಸರು ಉಳಿಸಿ ಅಂತಿದ್ನಾ?"

ಪೊಲೀಸರು ಬಂದಾಗ ಅತ್ತೆ ಹಾಗೇ ಹೇಳಿದರು. ನಾನೂ ಹಾಗೇ ಹೇಳಿದೆ.

ನಿನ್ನ ತಂಗಿ

ಆಗಸ್ಟ್ ೨೨

ಅಕ್ಕಾ,

ಮುಖ ಗುರುತು ಸಿಗದಂತಾಗಿತ್ತು, ಅಂಗೈ ಸುಟ್ಟಿತ್ತು. ಹಾಗಾಗಿ ಇವನನ್ನೂ ಲ್ಯಾಬಿಗೆ ಕಳಿಸಿದ್ದರು. ಇಷ್ಟು ದಿನ ಜೀವ ಕೈಯಲ್ಲಿ ಹಿಡಿದುಕೊಂಡಿದ್ದೆ.

ಅದೇ ಮೇಡಂ ನನ್ನ ಕೈ ಹಿಡಿದುಕೊಂಡು ಹೇಳಿದರು. "ಇವರೂ ನಿಮ್ಮ ಅತ್ತೆಯ ಮಗನೇ. ಮಗುವಿನ ತಂದೆ ಅಲ್ಲ. ಅಂದ್ರೆ ಚಿಕ್ಕವರು. ಎರಡು ಪರೀಕ್ಷೆಯೂ ಒಂದಕ್ಕೊಂದು ಸರಿಯಾಗಿ ಕೂತಿದೆ. ಇನ್ನು ನಿಶ್ಚಿಂತೆಯಿಂದಿರಿ."

ಸರಿಯಾಗಿ ಕೂತಿದೆ ಅಕ್ಕಾ. ಒಂದು ತಪ್ಪಿನ ಮೇಲೆ ಇನ್ನೊಂದು ತಪ್ಪು ಎಷ್ಟು ಬಿಗಿಯಾಗಿ ಕೂತಿದೆಯೆಂದರೆ ನಡುವೆ ಉಗುರು ತೂರಿಸಲೂ ಜಾಗವಿಲ್ಲ. ಅತ್ತೆಯದು ಪ್ರಾಣರಕ್ಷಣೆಗಾಗಿ ಹೊಡೆದದ್ದು ಎಂದು ಕೇಸು ಮುಚ್ಚಿದರು. ಗೋಡೆಯ ಮೇಲಿನ ಫೋಟೋ ಹರಿದುಹಾಕಿದರು. ಮೊದಲ ಕಲ್ಲಿನ ಪಕ್ಕದಲ್ಲಿ ಎರಡನೆಯದು ನೆಟ್ಟಾಯಿತು. ದೊಡ್ಡವನ ಹೆಸರಿನ ಕೆಳಗೆ ಚಿಕ್ಕವನಿದ್ದಾನೆ, ಚಿಕ್ಕವನ ಹೆಸರಿನ ಕೆಳಗೆ ದೊಡ್ಡವನು.

ನಾನು ನಿನ್ನಲ್ಲಿಗೆ ಬರುವುದಿಲ್ಲ. ಅತ್ತೆಯನ್ನು ಒಬ್ಬರನ್ನೇ ಹೇಗೆ ಬಿಡಲಿ? ಇದನ್ನು ಮತ್ತೆ ಬರೆಯುವುದೂ ಇಲ್ಲ.

ನಿನ್ನ ತಂಗಿ

ಇಲ್ಲಿಗೆ ಅಮ್ಮ ನಿಲ್ಲಿಸಿ ನೀರು ಕುಡಿದಳು. ಇನ್ನೊಂದೇ ಕಾಗದ ಉಳಿದಿತ್ತು. ಅದು ಬಂದದ್ದು ವರ್ಷಗಳ ಮೇಲೆ, ಚಿಕ್ಕಮ್ಮನ ಅತ್ತೆಯಿಂದ. ಅವರೂ ಈಗ ಇಲ್ಲ. ಅಕ್ಷರಗಳು ಸಾಲು ಬಿಟ್ಟು ಮೇಲಕ್ಕೂ ಕೆಳಕ್ಕೂ ಹೋಗಿದ್ದವು.

ನವೆಂಬರ್ ೩

ಸೊಸೆಯ ಅಕ್ಕನಿಗೆ,

ಕಣ್ಣು ಸರಿಯಾಗಿ ಕಾಣುವುದಿಲ್ಲ, ಅಕ್ಷರ ನೋಡಿ ನಗಬೇಡ. ನಿನ್ನ ತಂಗಿ ನಿನಗೆ ಎಲ್ಲ ಬರೆದಿದ್ದಾಳೆಂದು ನನಗೆ ಗೊತ್ತು. ಅವಳ ಮುಖ ನೋಡಿದರೇ ತಿಳಿಯುತ್ತಿತ್ತು. ಕಾಗದ ಹಾಕಿ ಬಂದ ದಿನ ಅವಳು ಎರಡು ತುತ್ತು ಹೆಚ್ಚು ತಿನ್ನುತ್ತಿದ್ದಳು.

ಮೊನ್ನೆ ಚೂಟಿ ಶಾಲೆಯ ಮಕ್ಕಳ ಜೊತೆ ಹೋಗಿ ಚಿಕ್ಕವನ ಹೆಸರಿನ ಕಲ್ಲಿಗೆ ಕೆಸರು ಎಸೆದು ಬಂದಳು. "ಅಜ್ಜೀ, ಅಪ್ಪನ್ನ ಕೊಂದವನಿಗೆ ಹೊಡೆದೆ" ಅಂದಳು. ನಾನು ಕೈ ತೊಳೆದುಕೋ ಅಂದೆ. ಅಷ್ಟೇ ಅಂದೆ. ನಿನ್ನ ತಂಗಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಇಬ್ಬರನ್ನೂ ನಾನೇ ಹೆತ್ತೆ. ದೊಡ್ಡವನನ್ನು ಕೊಡಲಿಯಿಂದ ಕೊಂದೆ, ಅದಕ್ಕೆ ನನಗೆ ನಿದ್ದೆ ಕೆಟ್ಟಿಲ್ಲ. ಚಿಕ್ಕವನ ಹೆಸರನ್ನು ಬಾಯಿಂದ ಕೊಂದೆ. ಅದು ನನ್ನನ್ನು ಮಲಗಲು ಬಿಡುವುದಿಲ್ಲ.

ನಾನೂ ನಿನ್ನ ತಂಗಿಯೂ ಹೋದ ಮೇಲೆ ಚೂಟಿಗೆ ಹೇಳು. ಅವಳು ನಮ್ಮನ್ನು ಬೈದರೆ ಬೈಯಲಿ, ತಡೆಯಬೇಡ. ಅಪ್ಪ ಯಾರೆಂದು ತಿಳಿದುಕೊಳ್ಳಲಿ.

ಚೂಟಿಯ ಅಜ್ಜಿ

ಅಮ್ಮ ಕಾಗದ ಮಡಿಸಿದಳು. ಊಟದ ಮಾತು ಯಾರೂ ಎತ್ತಲಿಲ್ಲ. ಚೂಟಿ ತನ್ನ ಅಂಗೈಗಳನ್ನು ನೋಡಿಕೊಂಡಳು.

"ದೊಡ್ಡಮ್ಮಾ, ನೀನು ಅವರನ್ನ ನೋಡಿದ್ಯಾ?"

"ಒಂದೇ ಸಲ. ನಿಮ್ಮಮ್ಮನ ಮದುವೇಲಿ. ಎಲೆ ಮುಂದೆ ಕೂತು ಏನೋ ಜೋಕು ಹೇಳಿ ತಾನೇ ನಕ್ಕು ನೆತ್ತಿಗೇರಿಸಿಕೊಂಡ. ಬೆನ್ನಿಗೆ ಗುದ್ದಿದವಳು ನಾನೇ."

ನನ್ನ ಹೆಂಡತಿ ಮೆಲ್ಲಗೆ, "ಪೊಲೀಸರಿಗೆ ಹೇಳೋದಾ?" ಅಂದಳು.

"ಹೇಳೋಣ ಅತ್ತಿಗೆ. ಲ್ಯಾಬಿಗೂ ಹೋಗಿ ನಾನೇ ಹೇಳ್ತೀನಿ, ನಾನು ಯಾರ ಮಗಳು ಅಂತ. ಅದಕ್ಕೆ ಮೊದಲು ಇನ್ನೊಂದು ಕೆಲಸ ಇದೆ" ಅಂದಳು ಚೂಟಿ.

ಮರುದಿನ ಬೆಳಗ್ಗೆ ನ್ಯಾಯವಾಗಿ ಹಾಕಬೇಕಾದ ಯಾವ ಅರ್ಜಿಯನ್ನೂ ಹಾಕದೆ, ಒಂದು ಹಾರೆ, ಒಂದು ಗುದ್ದಲಿ, ಎರಡು ಬಕೆಟ್ ತೆಗೆದುಕೊಂಡು ಮೊದಲ ಬಸ್ಸಿಗೆ ಹೊರಟೆವು. ಅಮ್ಮ ಮಂಡಿನೋವೆಂದು ಗೊಣಗುತ್ತಲೇ ಎಲ್ಲರಿಗಿಂತ ಮೊದಲು ಬಸ್ಸು ಹತ್ತಿದ್ದಳು. ಸ್ಮಶಾನದ ಕಾವಲುಗಾರ ಏನು ನಡೆಸಿದ್ದೀರಿ ಎಂದು ಓಡಿ ಬಂದ. ಅಮ್ಮ ಅವನನ್ನು ಮರದ ನೆರಳಿಗೆ ಕರೆದುಕೊಂಡು ಹೋಗಿ ಕೂರಿಸಿ, ಅವನ ಹೆಂಡತಿ ಮಕ್ಕಳ ಕುಶಲ ವಿಚಾರಿಸಲು ಶುರು ಮಾಡಿದಳು. ಅವನಿಗೆ ಮತ್ತೆ ಏಳಲಾಗಲಿಲ್ಲ.

ಎರಡು ಕಲ್ಲುಗಳನ್ನೂ ಕಿತ್ತು ಅದಲು ಬದಲು ಮಾಡಿ ನೆಟ್ಟೆವು. ದೊಡ್ಡವನ ಕಲ್ಲು ಅಷ್ಟು ವರ್ಷ ತೊಳೆಸಿಕೊಂಡು ನುಣುಪಾಗಿ ಹೊಳೆಯುತ್ತಿತ್ತು. ಚಿಕ್ಕವನದರ ಮೇಲೆ ಊರ ಮಕ್ಕಳು ಎಸೆಯುತ್ತಲೇ ಬಂದ ಕೆಸರು ಒಣಗಿ ಹೆಪ್ಪುಗಟ್ಟಿ, ಹೆಸರೇ ಕಾಣುತ್ತಿರಲಿಲ್ಲ. ಮಣ್ಣು ಗಟ್ಟಿ ಮಾಡಿದ ಮೇಲೆ ಚೂಟಿ ಬಕೆಟ್ ಎಳೆದುಕೊಂಡು ಅದರ ಮುಂದೆ ಕೂತಳು. ನನ್ನ ಹೆಂಡತಿ ಸಹಾಯಕ್ಕೆ ಬಗ್ಗಿದರೆ ಬೇಡವೆಂದು ಕೈ ಅಡ್ಡ ಹಿಡಿದಳು. ಮೊದಲು ತೆಂಗಿನ ನಾರಿನಿಂದ ಉಜ್ಜಿದಳು, ಆಮೇಲೆ ಉಗುರಿನಿಂದ ಒಂದೊಂದೇ ಅಕ್ಷರದ ಒಳಗಿನ ಕೆಸರು ತೆಗೆದಳು. ಹೆಸರು ಪೂರ್ತಿ ಓದಲು ಬರುವಷ್ಟಾಗುವಾಗ ಬಿಸಿಲು ನೆತ್ತಿಗೆ ಬಂದಿತ್ತು.